ತಂತಿ ಕಾಣಿಸಿದರೂ ಹೀರೋ ಹಾರುತ್ತಾನೆ

ಪ್ರಶ್ನೆ: ಇತ್ತೀಚೆಗೆ 1950 ಮತ್ತು 60ರ ದಶಕದ ಜಪಾನಿ ಸೂಪರ್‌ಹೀರೋ ಸಿನಿಮಾಗಳನ್ನು ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ನೋಡಲು ಶುರು ಮಾಡಿದ್ದೇನೆ. ಹೀರೋ ಹಾರುವಾಗ ತಂತಿ ಕಾಣಿಸುತ್ತೆ. ರಾಕ್ಷಸರು ರಬ್ಬರ್ ವೇಷದಲ್ಲಿರೋದು ಗೊತ್ತಾಗುತ್ತೆ. ಕಥೆ ಎಲ್ಲೆಲ್ಲೋ ಹೋಗುತ್ತೆ. ಮನೆಯವರು ನಗ್ತಾರೆ, ನನಗೂ ನಗು ಬರುತ್ತೆ. ಆದರೆ ಎದ್ದು ಹೋಗಲು ಮನಸ್ಸಾಗಲ್ಲ. ಚಿಕ್ಕವನಿದ್ದಾಗ ದೂರದರ್ಶನದಲ್ಲಿ ‘ಜೈಂಟ್ ರೋಬೋಟ್’ ಎಂಬ ಜಪಾನಿ ಸರಣಿ ನೋಡಿದ್ದ ನೆನಪಿಗೆ ಹೀಗಾಗ್ತಿದೆಯಾ? ಇಲ್ಲಾ ಈ ಸಿನಿಮಾಗಳಲ್ಲಿ ನಿಜಕ್ಕೂ ಏನಾದರೂ ಇದೆಯಾ? ಇದ್ದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ನೆನಪಿನ ಪಾಲು ಸ್ವಲ್ಪ ಇರಬಹುದು. ಆದರೆ ‘ಜೈಂಟ್ ರೋಬೋಟ್’ ಹೆಸರೇ ಕೇಳದ ಹುಡುಗ ಹುಡುಗಿಯರೂ ಈ ಸಿನಿಮಾಗಳ ಮುಂದೆ ಕೂತರೆ ಬೇಗ ಏಳುವುದಿಲ್ಲ. ಹಾಗಾಗಿ ಕಾರಣವನ್ನು ಸಿನಿಮಾದೊಳಗೇ ಹುಡುಕಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇವು ಕೈಯಲ್ಲಿ ಕಾಸಿಲ್ಲದೆ ಮಾಡಿದ ಸಿನಿಮಾಗಳು. ಕಾಟಾಚಾರಕ್ಕೆ ಮಾಡಿದವಲ್ಲ. ನಟರಲ್ಲಿ ಒಬ್ಬನೂ ‘ಇದೆಲ್ಲ ಸುಮ್ನೆ’ ಎಂಬ ಮುಖ ಮಾಡಿಕೊಂಡು ನಟಿಸುವುದಿಲ್ಲ. ನಿಮ್ಮನ್ನು ಹಿಡಿದು ಕೂರಿಸಿರುವುದು ಅದೇ.

ಇನ್ನು ನಿಮಗೆ ನಗು ತರಿಸುವ ವಿಷಯಗಳು. ಅವುಗಳಲ್ಲಿ ಕೆಲವು ಜಪಾನಿನಲ್ಲಿ ಆದವು, ಕೆಲವು ಅಮೆರಿಕದ ಎಡಿಟಿಂಗ್ ಟೇಬಲ್ ಮೇಲೆ ಆದವು. ನೀವು ಡಬ್ಬಿಂಗ್ ನೋಡುತ್ತಿರುವುದರಿಂದ ಎರಡೂ ಕಲಸಿಹೋಗಿವೆ. ಮೊದಲು ಅದನ್ನು ಬಿಡಿಸಿಕೊಳ್ಳೋಣ.

1957ರಲ್ಲಿ ಶಿನ್‌ತೋಹೋ ಎಂಬ ಸ್ಟುಡಿಯೋ ‘ಸೂಪರ್ ಜೈಂಟ್’ ಸರಣಿ ಶುರು ಮಾಡಿತು. ಜಪಾನಿ ಸಿನಿಮಾದ ಮೊದಮೊದಲ ಸೂಪರ್‌ಹೀರೋಗಳಲ್ಲಿ ಇವನೊಬ್ಬ. ಹೀರೋ ಪಾತ್ರಕ್ಕೆ ಕೆನ್ ಉತ್ಸುಯಿ. ಮೊದಲ ಆರು ಸಿನಿಮಾಗಳ ನಿರ್ದೇಶಕ ತೆರುವೊ ಇಶಿಯಿ. 1959ರ ಹೊತ್ತಿಗೆ ಒಟ್ಟು ಒಂಬತ್ತು ಬಂದವು, ಒಂದೊಂದೂ ಹೆಚ್ಚುಕಡಿಮೆ ಒಂದು ಗಂಟೆಯೊಳಗೆ ಮುಗಿಯುವಂಥವು. 60ರ ದಶಕದಲ್ಲಿ ಅಮೆರಿಕದವರು ಈ ಒಂಬತ್ತನ್ನೂ ಕೊಂಡುಕೊಂಡು, ಕತ್ತರಿಸಿ, ಟಿವಿಗೆಂದು ನಾಲ್ಕು ಸಿನಿಮಾ ಮಾಡಿದರು. ಹೀರೋ ಹೆಸರು ‘ಸ್ಟಾರ್‌ಮ್ಯಾನ್’ ಎಂದಾಯಿತು. ಮೊದಲ ಆರರಲ್ಲಿ ಎರಡೆರಡು ಸೇರಿ ಒಂದು ಕಥೆ ಆಗುತ್ತಿತ್ತು, ಹಾಗಾಗಿ ಜೋಡಿಸಿದಾಗ ಹೇಗೋ ಸರಿಹೋಯಿತು. ಕೊನೆಯ ಮೂರಕ್ಕೆ ಮಾತ್ರ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಆ ಮೂರನ್ನೂ ಒಟ್ಟಿಗೆ ಸೇರಿಸಿ ‘ಈವಿಲ್ ಬ್ರೈನ್ ಫ್ರಮ್ ಔಟರ್ ಸ್ಪೇಸ್’ ಎಂಬ ಒಂದೇ ಸಿನಿಮಾ ಮಾಡಿಬಿಟ್ಟರು. ಈಗ ಹೇಳಿ, ಕಥೆ ಎಲ್ಲೆಲ್ಲೋ ಹೋಗದೆ ಇನ್ನೇನಾಗುತ್ತದೆ? ಒಬ್ಬ ವಿಲನ್ ಇದ್ದಕ್ಕಿದ್ದಂತೆ ಮಾಯವಾಗಿ ಇನ್ನೊಬ್ಬ ಬರುತ್ತಾನಲ್ಲ, ಅವನು ಬೇರೊಂದು ಸಿನಿಮಾದವನು. ಅದಕ್ಕೆ ಇಶಿಯಿಯಾಗಲಿ ಉತ್ಸುಯಿಯಾಗಲಿ ಹೊಣೆಯಲ್ಲ.

‘ಪ್ರಿನ್ಸ್ ಆಫ್ ಸ್ಪೇಸ್’ ಕಥೆಯೂ ಹೀಗೇ. ತೋಯೆ ಸ್ಟುಡಿಯೋ 1959ರಲ್ಲಿ ಮಾಡಿದ ಎರಡು ಸಿನಿಮಾಗಳನ್ನು ಒಂದು ಮಾಡಿದ್ದು ಅದು. ಅದರಲ್ಲಿ ಹದ್ದಿನ ಕೊಕ್ಕಿನಂಥ ಮೂಗಿನ ವಿಲನ್ ಪದೇ ಪದೇ ಗುಂಡು ಹಾರಿಸುತ್ತಾನೆ. ಹೀರೋ ಪದೇ ಪದೇ ‘ನಿನ್ನ ಆಯುಧ ನನಗೆ ನಾಟೋದಿಲ್ಲ’ ಎನ್ನುತ್ತಾನೆ. ಅಮೆರಿಕದ ಒಂದು ಹಾಸ್ಯ ಕಾರ್ಯಕ್ರಮ 1997ರಲ್ಲಿ ಇದನ್ನು ಹಾಕಿಕೊಂಡು ಉದ್ದಕ್ಕೂ ಗೇಲಿ ಮಾಡಿತು. ಇಂಗ್ಲಿಷ್ ಪ್ರೇಕ್ಷಕರಲ್ಲಿ ಇವೆಲ್ಲ ‘ನಗಲಿಕ್ಕೆ ನೋಡುವ ಸಿನಿಮಾ’ ಎಂಬ ಮಾತು ಗಟ್ಟಿಯಾದದ್ದು ಇಂಥ ಕಾರ್ಯಕ್ರಮಗಳಿಂದ. ಆ ಕಾರ್ಯಕ್ರಮ ನನಗೂ ಇಷ್ಟ. ಆದರೆ ಜಪಾನಿ ಸಿನಿಮಾ ಹೇಗಿತ್ತು ಎಂದು ತಿಳಿಯಬೇಕಾದರೆ ಅದನ್ನು ಪಕ್ಕಕ್ಕಿಟ್ಟು ನೋಡಬೇಕು.

ಇಷ್ಟು ಕಳೆದ ಮೇಲೂ ತಂತಿ ಉಳಿಯುತ್ತದೆ, ರಬ್ಬರ್ ಉಳಿಯುತ್ತದೆ. ಅವು ಯಾಕೆ ಹಾಗಿದ್ದವು?

1958ರಲ್ಲಿ ಜಪಾನಿನ ಚಿತ್ರಮಂದಿರಗಳಲ್ಲಿ 112 ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾದವು. ಅಲ್ಲಿಯ ಸಿನಿಮಾ ಚರಿತ್ರೆಯಲ್ಲೇ ಅದು ದಾಖಲೆ. ಆಗ ಒಂದು ಟಿಕೆಟ್‌ಗೆ ಎರಡು ಸಿನಿಮಾ ತೋರಿಸುವ ಪದ್ಧತಿ ಜೋರಾಗಿತ್ತು. ಚಿತ್ರಮಂದಿರಗಳು ವಾರ ವಾರ ಹೊಸ ಜೋಡಿ ಕೇಳುತ್ತಿದ್ದವು. ದೊಡ್ಡ ಸಿನಿಮಾದ ಜೊತೆಗೆ ಒಂದು ಚಿಕ್ಕದು ಬೇಕು, ಬೇಗ ಬೇಕು, ಅಗ್ಗವಾಗಿ ಬೇಕು. ಮಕ್ಕಳನ್ನು ಎಳೆದುಕೊಂಡು ಬರುವಂಥದ್ದಾದರೆ ಇನ್ನೂ ಒಳ್ಳೆಯದು, ಮಕ್ಕಳ ಹಿಂದೆ ಅಪ್ಪ ಅಮ್ಮ ಬಂದೇ ಬರುತ್ತಾರೆ. ಅದೇ ಹೊತ್ತಿಗೆ ಟಿವಿಯೂ ಮನೆಗಳಿಗೆ ಬರತೊಡಗಿತ್ತು. 1958ರ ಫೆಬ್ರವರಿಯಲ್ಲಿ ಟಿವಿಯಲ್ಲಿ ಶುರುವಾದ ‘ಗೆಕ್ಕೋ ಕಾಮೆನ್’, ಅಂದರೆ ಬೆಳದಿಂಗಳ ಮುಖವಾಡದವನು, ಮಕ್ಕಳಿಗೆ ಹುಚ್ಚು ಹಿಡಿಸಿತು. ತೋಯೆ ಸ್ಟುಡಿಯೋ ತಕ್ಷಣ ಅದನ್ನು ಸಿನಿಮಾ ಮಾಡಿತು. 1959ರೊಳಗೆ ಆರು ಬಂದವು.

ಈ ಗೆಕ್ಕೋ ಕಾಮೆನ್‌ನ ವೇಷ ನೋಡಿ: ಬಿಳಿ ಪೇಟ, ಕಪ್ಪು ಕನ್ನಡಕ, ಬಿಳಿ ಬಿಗಿಯುಡುಪು, ಬೆನ್ನಿಗೊಂದು ಬಿಳಿ ಬಟ್ಟೆ, ಓಡಾಡಲು ಮೋಟಾರ್ ಬೈಕ್. ಅಂಗಡಿಯಲ್ಲಿ ಸಿಗುವ ಸಾಮಾನಿನಲ್ಲೇ ಒಬ್ಬ ಹೀರೋ ತಯಾರಾದ. ಅದನ್ನೇ ಟವೆಲ್ ಸುತ್ತಿಕೊಂಡು ಮಕ್ಕಳು ಮನೆಯಲ್ಲೂ ಆಡಬಹುದಿತ್ತು. ಆದರೆ ಬರೆದವರಿಗೆ ಅದು ಬರೀ ಆಟವಾಗಿರಲಿಲ್ಲ. ಕಥೆಗಾರ ಕೋಹಾನ್ ಕವಾಉಚಿ ದೇವಾಲಯದ ಮನೆಯಲ್ಲಿ ಹುಟ್ಟಿದವರು. ಹೀರೋ ಹೆಸರಿಗೆ ಅವರಿಗೆ ಪ್ರೇರಣೆ ಗಕ್ಕೋ ಬೋಸತ್ಸು, ನಮ್ಮ ಬೌದ್ಧ ಗ್ರಂಥಗಳ ಚಂದ್ರಪ್ರಭ ಬೋಧಿಸತ್ವ. ಆ ಹೀರೋನ ಧ್ಯೇಯವಾಕ್ಯ: ದ್ವೇಷಿಸಬೇಡಿ, ಕೊಲ್ಲಬೇಡಿ, ಕ್ಷಮಿಸೋಣ. ಪಿಸ್ತೂಲು ಹಿಡಿದ ಹೀರೋ ಬಾಯಲ್ಲಿ ಈ ಮಾತು! ಯುದ್ಧದಲ್ಲಿ ಸೋತು, ಊರುಗಳು ಸುಟ್ಟು 13 ವರ್ಷವಾಗಿದ್ದ ದೇಶದಲ್ಲಿ ಮಕ್ಕಳಿಗೆಂದು ಬರೆದ ಮಾತು ಅದು.

ಸೂಪರ್ ಜೈಂಟ್ ಭೂಮಿಗೆ ಬರುವುದೂ ಅಂಥದ್ದೇ ಕಾರಣಕ್ಕೆ. ಅವನು ಎಮೆರಾಲ್ಡ್ ಗ್ರಹದವನು. ಅಣುಬಾಂಬ್‌ಗಳ ಅಪಾಯದಿಂದ ಭೂಮಿಯನ್ನು ಕಾಪಾಡಲು ಅವನನ್ನು ಕಳಿಸುತ್ತಾರೆ. ಅವನ ಕೈಗೆ ಕಟ್ಟಿದ ಗಡಿಯಾರದಂಥ ಯಂತ್ರಕ್ಕೆ ಮೂರು ಶಕ್ತಿ: ಹಾರುವುದು, ಯಾವ ಭಾಷೆಯನ್ನಾದರೂ ಮಾತಾಡುವುದು, ವಿಕಿರಣ ಎಲ್ಲಿದೆ ಎಂದು ಪತ್ತೆ ಹಚ್ಚುವುದು. ಮೂರನೆಯದನ್ನು ಗಮನಿಸಿ. ಬೇರೆ ದೇಶದ ಸೂಪರ್‌ಹೀರೋಗೆ ಈ ಶಕ್ತಿ ಬೇಕೆಂದು ಯಾರಿಗೂ ತೋಚುತ್ತಿರಲಿಲ್ಲ. 1954ರಲ್ಲಿ ಬಿಕಿನಿ ದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುದೋಣಿಯೊಂದರ ಮೇಲೆ ಬಿದ್ದಿತ್ತು. ಮೀನು ತಿನ್ನಲೂ ಜನ ಹೆದರಿದ್ದರು. ಆ ವರ್ಷವೇ, ಬಾಂಬ್ ಪರೀಕ್ಷೆಯಿಂದ ಎದ್ದ ದೈತ್ಯ ಪ್ರಾಣಿಯ ಸಿನಿಮಾ ‘ಗಾಡ್ಜಿಲ್ಲಾ’ ಬಂತು. ದೊಡ್ಡವರಿಗೆ ಗಾಡ್ಜಿಲ್ಲಾ ಹೇಳಿದ್ದನ್ನು ಮಕ್ಕಳಿಗೆ ಸೂಪರ್ ಜೈಂಟ್ ಹೇಳಿದ, ಭರವಸೆ ಸೇರಿಸಿ. ಜೊತೆಗೆ ಇವರ ಚುರುಕುತನ ನೋಡಿ: ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ್ದು 1957ರ ಅಕ್ಟೋಬರ್ 4ರಂದು. ಕೃತಕ ಉಪಗ್ರಹದಿಂದ ಮನುಕುಲಕ್ಕೆ ಕೇಡು ಎಂಬ ಕಥೆಯ ಸೂಪರ್ ಜೈಂಟ್ ಸಿನಿಮಾ ಡಿಸೆಂಬರ್ ಕೊನೆಗೆಲ್ಲ ಬಿಡುಗಡೆಯಾಗಿತ್ತು! ಇಷ್ಟು ಬೇಗ ಮಾಡಿದರೆ ತಂತಿ ಅಳಿಸಲು ಪುರುಸೊತ್ತು ಎಲ್ಲಿಂದ ಬರಬೇಕು.

ಈಗ ನನಗೆ ತುಂಬಾ ಪ್ರಿಯವಾದ ಸಿನಿಮಾಕ್ಕೆ ಬರುತ್ತೇನೆ. 1966ರ ‘ಓಗೋನ್ ಬ್ಯಾಟ್’, ಚಿನ್ನದ ಬಾವಲಿ. ನಿರ್ದೇಶಕ ಹಾಜಿಮೆ ಸಾತೋ. ಇದರ ಬೇರು ಸಿನಿಮಾಕ್ಕಿಂತ ಹಿಂದಿನದು. 1930ರ ಆಸುಪಾಸಿನಲ್ಲಿ ಜಪಾನಿನ ಬೀದಿಗಳಲ್ಲಿ ‘ಕಮಿಶಿಬಾಯ್’ ಎಂಬ ಆಟ ನಡೆಯುತ್ತಿತ್ತು. ಕಥೆಗಾರ ಸೈಕಲ್ ಮೇಲೆ ಬರುತ್ತಾನೆ. ಎರಡು ಕಟ್ಟಿಗೆ ತುಂಡು ಬಡಿದು ಸದ್ದು ಮಾಡುತ್ತಾನೆ. ಮಕ್ಕಳು ಓಡಿ ಬರುತ್ತಾರೆ. ಮಿಠಾಯಿ ಮಾರುತ್ತಾನೆ. ಆಮೇಲೆ ಸೈಕಲ್ ಹಿಂದಿನ ಮರದ ಚೌಕಟ್ಟಿನಲ್ಲಿ ಬಣ್ಣದ ಚಿತ್ರಗಳನ್ನು ಒಂದೊಂದಾಗಿ ಜಾರಿಸುತ್ತಾ, ದನಿ ಬದಲಿಸುತ್ತಾ ಕಥೆ ಹೇಳುತ್ತಾನೆ. ಇಚಿರೋ ಸುಝುಕಿ ಕಥೆ ಕಟ್ಟಿ, ತಾಕೆಯೋ ನಾಗಾಮಾತ್ಸು ಚಿತ್ರ ಬರೆದ ಚಿನ್ನದ ಬಾವಲಿ ಅಲ್ಲಿ ಹುಟ್ಟಿದವನು. ಅಮೆರಿಕದ ಸೂಪರ್‌ಮ್ಯಾನ್ 1938ರಲ್ಲಿ ಬಂದ, ಇವನು ಅವನಿಗಿಂತ ಹಿರಿಯ.

ಇವನ ಮುಖ ಬರೀ ತಲೆಬುರುಡೆ. ನೋಡಿದರೆ ವಿಲನ್ ಎನ್ನಬೇಕು, ಆದರೆ ಹೀರೋ ಇವನೇ. ಸಿನಿಮಾದಲ್ಲಿ ಇಕಾರಸ್ ಎಂಬ ಗ್ರಹ ಭೂಮಿಗೆ ಬಡಿಯಲು ಬರುತ್ತಿರುತ್ತದೆ. ವಿಜ್ಞಾನಿಗಳ ತಂಡದ ನಾಯಕ ಯಾಮಾತೊನೆ ಪಾತ್ರದಲ್ಲಿ ಶಿನಿಚಿ ಚಿಬಾ, ಮುಂದೆ ‘ಸನ್ನಿ ಚಿಬಾ’ ಎಂಬ ಹೆಸರಲ್ಲಿ ಜಗತ್ತಿಗೆಲ್ಲ ಗೊತ್ತಾದ ನಟ. ಗ್ರಹವನ್ನು ಒಡೆಯುವ ಕಿರಣದ ಫಿರಂಗಿ ಇದೆ, ಅದಕ್ಕೆ ಬೇಕಾದ ಲೆನ್ಸ್ ಇಲ್ಲ. ಹುಡುಕುತ್ತಾ ಹೋದವರು ಅಟ್ಲಾಂಟಿಸ್‌ನ ಪಾಳುಕಟ್ಟಡ ಹೊಕ್ಕುತ್ತಾರೆ. ಹಿಂದೆ ಶತ್ರುಗಳು, ಮುಂದೆ ಒಂದು ಕಲ್ಲಿನ ಪೆಟ್ಟಿಗೆ. ಒಳಗೆ ತಲೆಬುರುಡೆಯ ಮುಖದವನು ಮಲಗಿದ್ದಾನೆ. ಎಮಿಲಿ ಎಂಬ ಪುಟ್ಟ ಹುಡುಗಿ ಅವನ ಮೇಲೆ ನೀರು ಹನಿಸುತ್ತಾಳೆ. ಅವನು ಏಳುತ್ತಾನೆ. ಎದ್ದವನೇ ಸೊಂಟಕ್ಕೆ ಕೈಯಿಟ್ಟು ಗಹಗಹಿಸಿ ನಗುತ್ತಾನೆ.

ಆ ನಗುವನ್ನು ಗಮನಿಸಿ ಕೇಳಿ. ಈ ಕಾಲದ ಸಿನಿಮಾ ಆಗಿದ್ದರೆ ಅಲ್ಲಿ ಯಾರಾದರೂ ಒಬ್ಬ ಪಾತ್ರಧಾರಿ ‘ಇದೇನಪ್ಪಾ’ ಎಂಬ ಮುಖ ಮಾಡುತ್ತಿದ್ದ, ನಾವು ನಕ್ಕು ಹಗುರಾಗುತ್ತಿದ್ದೆವು. ಇಲ್ಲಿ ಹಾಗಿಲ್ಲ. ಚಿಬಾ ಕಣ್ಣಲ್ಲಿ ನಿಜವಾದ ಬೆರಗಿದೆ. ಕಪ್ಪು ಬಿಳುಪಿನ ನೆರಳು ಬೆಳಕು ಆ ಬುರುಡೆಗೆ ಒಂದು ಗಾಂಭೀರ್ಯ ಕೊಟ್ಟಿದೆ. ಎದುರಿಗಿರುವ ವಿಲನ್ ನಾಝೋಗೆ ನಾಲ್ಕು ಕಣ್ಣು, ಮೈತುಂಬ ಕೂದಲು, ಒಂದು ಕೈಯ ಜಾಗದಲ್ಲಿ ಕೊಂಡಿ. ವಿವರಿಸಿದರೆ ನಗು ಬರುತ್ತದೆ. ನೋಡುವಾಗ ಆ ಪುಟ್ಟ ಹುಡುಗಿಯ ಬಗ್ಗೆ ಚಿಂತೆಯಾಗುತ್ತದೆ.

ನಮ್ಮವರಿಗೆ ಇದು ಅರ್ಥವಾಗುವುದು ಕಷ್ಟವಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ಒಡ್ಡೋಲಗ ಕೊಟ್ಟು ಅಬ್ಬರಿಸಿ ಬರುವಾಗ ‘ಕಿರೀಟ ಮರದ್ದು’ ಎಂದು ಯಾರೂ ತಪ್ಪು ಹಿಡಿಯುವುದಿಲ್ಲ. ಮರದ್ದು ಎಂದು ಎಲ್ಲರಿಗೂ ಗೊತ್ತು, ರಾಕ್ಷಸ ಬಂದ ಎಂಬುದೂ ಗೊತ್ತು. ಜಪಾನಿನ ಪ್ರೇಕ್ಷಕರಿಗೆ ಅಲ್ಲಿಯ ಹಳೆಯ ರಂಗಕಲೆ ಕಬುಕಿ ಇಂಥದ್ದೇ ಅಭ್ಯಾಸ ಮಾಡಿಸಿತ್ತು. ಅಲ್ಲಿ ವೀರ ತನ್ನ ಹೆಸರು ತಾನೇ ಘೋಷಿಸಿಕೊಳ್ಳುತ್ತಾನೆ. ಕಥೆ ಕಾವೇರಿದಾಗ ಒಂದು ಭಂಗಿಯಲ್ಲಿ ಗಕ್ಕನೆ ನಿಂತು ಕಣ್ಣು ಬಿಡುತ್ತಾನೆ. ಕಪ್ಪು ಬಟ್ಟೆ ತೊಟ್ಟ ಸಹಾಯಕರು ರಂಗದ ಮೇಲೆಯೇ ಓಡಾಡಿದರೂ ಅವರನ್ನು ಕಂಡೂ ಕಾಣದಂತಿರುವುದು ವಾಡಿಕೆ. ಸೂಪರ್‌ಹೀರೋ ಹೊಡೆದಾಟದ ನಡುವೆ ನಿಂತು ಹೆಸರು ಹೇಳಿಕೊಳ್ಳುವುದು, ಅಷ್ಟು ಹೊತ್ತೂ ವಿಲನ್ ಸುಮ್ಮನೆ ಕಾಯುವುದು ನಿಮಗೆ ವಿಚಿತ್ರ ಅನಿಸಿರಬಹುದು. ಅದು ರಂಗಭೂಮಿಯಿಂದ ನೇರ ಬಂದ ರೂಢಿ.

ಕೊರತೆಯೇ ಹೊಸದನ್ನು ಹುಟ್ಟಿಸಿದ ಉದಾಹರಣೆಗಳೂ ಇವೆ. ಕಡಿಮೆ ಹಣದ ಕಲೆ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ‘ಅಲ್ಟ್ರಾಮ್ಯಾನ್’ನ ಹತ್ತನೇ ಕಂತು ತೋರಿಸುತ್ತೇನೆ. ಇದು ದೈತ್ಯ ಗಾತ್ರದ ಸೂಪರ್‌ಹೀರೋ ಒಬ್ಬನ 1966ರ ಟಿವಿ ಸರಣಿ, ಸಿನಿಮಾ ಅಲ್ಲ, ಆದರೂ ಇಲ್ಲಿ ಹೇಳಲೇಬೇಕು. ಅದರ ಹಿಂದಿದ್ದವರು ಗಾಡ್ಜಿಲ್ಲಾಕ್ಕೆ ವಿಶೇಷ ದೃಶ್ಯಗಳನ್ನು ಮಾಡಿದ ಐಜಿ ತ್ಸುಬುರಾಯಾ. ಆ ಕಂತಿಗೆ ಹೊಸ ರಾಕ್ಷಸನನ್ನು ಮಾಡಲಿಲ್ಲ. ಗಾಡ್ಜಿಲ್ಲಾದ ಹಳೆಯ ವೇಷ ತಂದು, ಕುತ್ತಿಗೆಗೆ ಬೀಸಣಿಗೆಯಂಥ ದೊಡ್ಡ ಪಟ್ಟಿ ಅಂಟಿಸಿ ‘ಜಿರಾಸ್’ ಎಂದು ಹೆಸರಿಟ್ಟರು. ವೇಷದ ಒಳಗಿದ್ದವರು ಹಾರುವೊ ನಾಕಾಜಿಮಾ, 1954ರಿಂದ ಗಾಡ್ಜಿಲ್ಲಾ ಆಗಿದ್ದವರೇ. ಅಲ್ಟ್ರಾಮ್ಯಾನ್ ವೇಷದಲ್ಲಿ ಬಿನ್ ಫುರುಯಾ, ಹೊರಗೆ ನೋಡಲು ಮುಖವಾಡದ ಕಣ್ಣಿನ ಬುಡದಲ್ಲಿ ಕೊರೆದ ಚಿಕ್ಕ ತೂತುಗಳಷ್ಟೇ ಅವರಿಗಿದ್ದ ದಾರಿ.

ಹೊಡೆದಾಟದ ನಡುವೆ ಜಿರಾಸ್ ಒಂದು ಬಂಡೆಯನ್ನು ಮೇಲಕ್ಕೆಸೆದು ಬಾಯಿಂದ ಕಿರಣ ಬಿಟ್ಟು ಒಡೆಯುತ್ತಾನೆ. ಅಲ್ಟ್ರಾಮ್ಯಾನ್ ತಾನೂ ಹಾಗೇ ಮಾಡಿ ತೋರಿಸುತ್ತಾನೆ. ಆಮೇಲೆ ಆ ಕುತ್ತಿಗೆ ಪಟ್ಟಿ ಕಿತ್ತುಕೊಂಡು, ಗೂಳಿ ಕಾಳಗದವನಂತೆ ಬೀಸಿ ಬೀಸಿ ಕೆಣಕುತ್ತಾನೆ. ಪಟ್ಟಿ ಕಿತ್ತ ಮೇಲೆ ಎದುರಿಗಿರುವುದು ಗಾಡ್ಜಿಲ್ಲಾನೇ ಎಂದು ಅವತ್ತಿನ ಪ್ರತಿ ಮಗುವಿಗೂ ಗೊತ್ತಾಗಿರುತ್ತದೆ! ವೇಷ ಹಳೆಯದು ಎಂಬುದನ್ನು ಮುಚ್ಚಿಡುವ ಬದಲು ಅದನ್ನೇ ಮಕ್ಕಳಿಗೆ ಉಡುಗೊರೆ ಮಾಡಿದರು. ಜಿರಾಸ್ ಸತ್ತ ಮೇಲೆ ಅಲ್ಟ್ರಾಮ್ಯಾನ್ ಕಿತ್ತ ಪಟ್ಟಿಯನ್ನು ಅವನ ಮೈಮೇಲೆ ಹೊದಿಸುತ್ತಾನೆ. ಸೋತ ಎದುರಾಳಿಗೆ ಗೌರವ. ಇಂಥದ್ದನ್ನು ಯೋಚಿಸಲು ದುಡ್ಡು ಬೇಕಾಗಲಿಲ್ಲ.

‘ಕಾಮೆನ್ ರೈಡರ್’ ಕಥೆಯೂ ಹೀಗೇ. 1971ರಲ್ಲಿ ಶುರುವಾದ ಈ ಸರಣಿಯ ಹೀರೋ ಹಿರೋಶಿ ಫುಜಿಯೋಕಾ ವೇಷವನ್ನೂ ತಾವೇ ಹಾಕಿ, ಬೈಕನ್ನೂ ತಾವೇ ಓಡಿಸುತ್ತಿದ್ದರು. ಶೂಟಿಂಗ್‌ನಲ್ಲಿ ಬೈಕ್ ಅಪಘಾತವಾಗಿ ಕಾಲು ಮುರಿಯಿತು. ಬೇರೆ ದಾರಿಯಿಲ್ಲದೆ ತಾಕೆಶಿ ಸಸಾಕಿ ಎಂಬ ನಟನನ್ನು ಎರಡನೇ ರೈಡರ್ ಎಂದು ತಂದರು. ಮೊದಲ ರೈಡರ್ ರೂಪ ಬದಲಿಸುತ್ತಿದ್ದುದು ಬೈಕ್ ಓಡುವಾಗ ಬೆಲ್ಟಿಗೆ ನುಗ್ಗುವ ಗಾಳಿಯಿಂದ. ಸಸಾಕಿಗೆ ಬೈಕ್ ಲೈಸೆನ್ಸ್ ಇರಲಿಲ್ಲವಂತೆ. ಹಾಗಾಗಿ ನಿಂತಲ್ಲೇ ಕೈ ತಿರುಗಿಸಿ ‘ಹೆನ್‌ಶಿನ್’, ಅಂದರೆ ರೂಪಾಂತರ, ಎಂದು ಕೂಗುವ ಭಂಗಿ ಬಂತು. ಜಪಾನಿನ ಮಕ್ಕಳೆಲ್ಲ ಆ ಭಂಗಿ ಕಲಿತರು. ಇವತ್ತು ಪ್ರಪಂಚದ ಯಾವ ಮೂಲೆಯಲ್ಲಿ ಹೀರೋ ಭಂಗಿ ಹಾಕಿ ಕೂಗಿ ರೂಪ ಬದಲಿಸಿದರೂ ಅದರ ಹಿಂದೆ ಆ ಮುರಿದ ಕಾಲು ಇದೆ.

ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ತೋಯೆಯ 1961ರ ‘ಇನ್ವೇಷನ್ ಆಫ್ ದಿ ನೆಪ್ಚೂನ್ ಮೆನ್’ ನೋಡಲು ತಾಳ್ಮೆ ಬೇಕು. ಅದರ ಊರು ನಾಶವಾಗುವ ದೃಶ್ಯಗಳಲ್ಲಿ ಹಲವು ಅದೇ ಸ್ಟುಡಿಯೋದ ಹಿಂದಿನ ವರ್ಷದ ಯುದ್ಧದ ಸಿನಿಮಾದಿಂದ ತೆಗೆದವು. ಚಿಬಾ ಇದ್ದರೂ ನಡುವಿನ ಭಾಗ ಸಾಗುವುದಿಲ್ಲ. 1980ರ ‘ಸೂಪರ್ ಮಾನ್ಸ್ಟರ್’ ಇನ್ನೂ ಬೇಸರ ತರಿಸುತ್ತದೆ. ಗಾಮೆರಾ ಎಂಬ ಹಾರುವ ದೈತ್ಯ ಆಮೆಯ ಸಿನಿಮಾಗಳನ್ನು ಮಾಡುತ್ತಿದ್ದ ದಾಯೇ ಕಂಪನಿ 1971ರಲ್ಲಿ ದಿವಾಳಿಯಾಗಿತ್ತು. ಮತ್ತೆ ಎದ್ದ ಮೇಲೆ ಮೂವರು ಅಂತರಿಕ್ಷದ ಸೂಪರ್ ಹೆಣ್ಣುಮಕ್ಕಳನ್ನು ಸೇರಿಸಿ, ಗಾಮೆರಾ ಕಾಳಗಗಳನ್ನೆಲ್ಲ ಹಳೆಯ ಸಿನಿಮಾಗಳಿಂದ ಕತ್ತರಿಸಿ ಹಾಕಿದರು. ಜಿರಾಸ್‌ನಲ್ಲೂ ಹಳೆಯ ಸಾಮಾನು ಬಳಸಿದ್ದರು, ಇಲ್ಲೂ ಬಳಸಿದರು. ಅಲ್ಲಿ ಅದರಿಂದ ಹೊಸದೊಂದು ಹುಟ್ಟಿತು, ಇಲ್ಲಿ ರೀಲು ತುಂಬಿತು ಅಷ್ಟೇ. ಎರಡನ್ನೂ ಹಿಂದೆ ಮುಂದೆ ನೋಡಿದರೆ ಕಾಸಿಲ್ಲದ್ದಕ್ಕೂ ಮನಸ್ಸಿಲ್ಲದ್ದಕ್ಕೂ ಇರುವ ದೂರ ತಿಳಿಯುತ್ತದೆ.

ನಿಮ್ಮ ‘ಜೈಂಟ್ ರೋಬೋಟ್’ ಮನಸ್ಸಿಟ್ಟು ಮಾಡಿದ ಕಡೆಗೆ ಸೇರುತ್ತದೆ. ಮಿತ್ಸುತೆರು ಯೊಕೊಯಾಮಾ ಅವರ ಕಥೆ, ತೋಯೆ ತಯಾರಿಕೆ, 1967–68ರಲ್ಲಿ 26 ಕಂತು. ಹುಡುಗ ಕೈಗಡಿಯಾರದಲ್ಲಿ ಮಾತಾಡಿದರೆ ರೋಬೋಟ್ ಹಾರಿ ಬರುತ್ತಿತ್ತಲ್ಲ, ಅದರ ಕೊನೆ ನಿಮಗೆ ನೆನಪಿದೆಯಾ? ರೋಬೋಟ್ ವಿಲನ್‌ನನ್ನು ಹೊತ್ತು ಆಕಾಶಕ್ಕೆ ಹೋಗಿ, ಉಲ್ಕೆಗೆ ಬಡಿದು ತಾನೂ ನಾಶವಾಗುತ್ತದೆ. ಹುಡುಗ ಬೇಡ ಬೇಡ ಎಂದು ಕೂಗಿದರೂ ಕೇಳುವುದಿಲ್ಲ. ಮಕ್ಕಳ ಕಾರ್ಯಕ್ರಮ ಹೀಗೆ ಮುಗಿಸಲು ಧೈರ್ಯ ಬೇಕು.

ಭಾರತದವರಾಗಿ ನೀವು ನೋಡಬೇಕಾದ ಇನ್ನೊಂದಿದೆ. 1974ರಲ್ಲಿ ಥಾಯ್ಲೆಂಡಿನ ಚೈಯೋ ಕಂಪನಿಯೂ ತ್ಸುಬುರಾಯಾ ಕಂಪನಿಯೂ ಸೇರಿ ಮಾಡಿದ ಸಿನಿಮಾದಲ್ಲಿ ಅಲ್ಟ್ರಾಮ್ಯಾನ್ ಬಳಗದ ಆರು ಅಲ್ಟ್ರಾ ಸಹೋದರರ ಜೊತೆ ಹನುಮಂತ ಬರುತ್ತಾನೆ! ಬುದ್ಧನ ವಿಗ್ರಹ ಕದಿಯುವ ಕಳ್ಳರನ್ನು ತಡೆಯಲು ಹೋದ ಹುಡುಗನನ್ನು ಅವರು ಕೊಲ್ಲುತ್ತಾರೆ. ಅಲ್ಟ್ರಾಗಳ ತಾಯಿ ಅವನಿಗೆ ಹನುಮಂತನ ರೂಪದಲ್ಲಿ ಮರುಜೀವ ಕೊಡುತ್ತಾಳೆ. ಥಾಯ್ ರಂಗಭೂಮಿಯ ಬಿಳಿ ಹನುಮಂತ, ಕುಣಿಯುತ್ತಲೇ ಹೊಡೆದಾಡುತ್ತಾನೆ. ನಿರ್ದೇಶನ ಒರಟು, ಕಳ್ಳರಿಗೆ ಕೊಡುವ ಶಿಕ್ಷೆ ಮಕ್ಕಳಿಗೆ ಜಾಸ್ತಿಯೇ ಆಯಿತು. ಆದರೂ ರಾಮಾಯಣದ ಒಬ್ಬ ವೀರ ಜಪಾನಿ ಹೀರೋಗಳ ಪಕ್ಕ ಸರಿಸಮನಾಗಿ ನಿಲ್ಲುವುದನ್ನು ನೋಡಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ. ‘ಓಗೋನ್ ಬ್ಯಾಟ್’ನಿಂದ ಮಾಡಿ. ಇಂಗ್ಲಿಷಿನಲ್ಲಿ ‘ಗೋಲ್ಡನ್ ಬ್ಯಾಟ್’ ಎಂದು ಹುಡುಕಿ, ಜಪಾನಿ ದನಿಯಲ್ಲೇ, ಸಬ್‌ಟೈಟಲ್ ಹಾಕಿಕೊಂಡು ನೋಡಿ. ದನಿ ಬಹಳ ಮುಖ್ಯ. ಆ ನಗು ಡಬ್ಬಿಂಗ್‌ನಲ್ಲಿ ಕಳೆದುಹೋಗುತ್ತದೆ. ಆಮೇಲೆ ಅಲ್ಟ್ರಾಮ್ಯಾನ್‌ನ ಹತ್ತನೇ ಕಂತು. ಅದರ ಬೆನ್ನಿಗೇ 1983ರಲ್ಲಿ ಒಸಾಕಾದ ವಿದ್ಯಾರ್ಥಿಗಳ ಗುಂಪು ಡೈಕಾನ್ ಫಿಲ್ಮ್ ಹೆಸರಲ್ಲಿ ಮಾಡಿದ ಅಲ್ಟ್ರಾಮ್ಯಾನ್ ಕಿರುಚಿತ್ರ ಸಿಕ್ಕರೆ ನೋಡಿ. ಅದರಲ್ಲಿ ಅಲ್ಟ್ರಾಮ್ಯಾನ್ ಆದವರು ಹಿದೆಯಾಕಿ ಆನ್ನೋ. ಮುಖವಾಡವೇ ಇಲ್ಲ. ಕನ್ನಡಕ ಹಾಕಿದ ಕಾಲೇಜು ಹುಡುಗ, ಅಲ್ಟ್ರಾಮ್ಯಾನ್ ಬಣ್ಣದ ಜಾಕೆಟ್ ತೊಟ್ಟು, ಪುಟ್ಟ ಊರಿನ ಮಾದರಿಯ ನಡುವೆ ದೈತ್ಯನಾಗಿ ನಿಲ್ಲುತ್ತಾನೆ. ಮೊದಲು ನಗು ಬರುತ್ತದೆ. ಕೆಲವೇ ನಿಮಿಷದಲ್ಲಿ ಕನ್ನಡಕ ಕಣ್ಣಿಗೆ ಬೀಳುವುದೇ ಇಲ್ಲ, ಅಷ್ಟು ಶ್ರದ್ಧೆಯಿಂದ ಮಾಡಿದ್ದಾರೆ. ಇದೇ ಆನ್ನೋ ಮುಂದೆ 2022ರ ‘ಶಿನ್ ಅಲ್ಟ್ರಾಮ್ಯಾನ್’ ಬರೆದರು, 2023ರಲ್ಲಿ ‘ಶಿನ್ ಕಾಮೆನ್ ರೈಡರ್’ ನಿರ್ದೇಶಿಸಿದರು.

ಸೂಪರ್ ಜೈಂಟ್ ಸಿನಿಮಾಗಳನ್ನು ಇವುಗಳ ನಂತರ, ಬಿಡುಗಡೆಯಾದ ಕ್ರಮದಲ್ಲೇ ನೋಡಿ, ಮೂಲ ಜಪಾನಿ ಸಿಕ್ಕಷ್ಟನ್ನು. ‘ಈವಿಲ್ ಬ್ರೈನ್’ ಕೊನೆಗಿರಲಿ. ಮನೆಯಲ್ಲಿ ಏಳೆಂಟು ವರ್ಷದ ಮಕ್ಕಳಿದ್ದರೆ ‘ಗೋಲ್ಡನ್ ಬ್ಯಾಟ್’ಗೆ ಅವರನ್ನೂ ಕೂರಿಸಿಕೊಳ್ಳಿ, ಸಬ್‌ಟೈಟಲ್ ನೀವೇ ಓದಿ ಹೇಳಿ. ತಲೆಬುರುಡೆ ನೋಡಿ ಮೊದಲು ಹೆದರಿದರೆ ಗಾಬರಿಯಾಗಬೇಡಿ, ಎಮಿಲಿ ನೀರು ಹನಿಸುವವರೆಗೆ ನಿಲ್ಲಿಸಬೇಡಿ.